ನೀಲಿ ಕೊಡುವ ಬ್ಯಾಕ್ಟೀರಿಯಾ ಬಂತು, ನಮ್ಮ ನೀರಿನ ಲೆಕ್ಕ ಯಾರು ಕೊಡ್ತಾರೆ?

ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಕಲರಿಫಿಕ್ಸ್ ಅಂತ ಒಂದು ಕಂಪನಿ ಇದೆ. ಬಟ್ಟೆಗೆ ಬಣ್ಣ ಹಾಕಲು ಅದು ಬ್ಯಾಕ್ಟೀರಿಯಾ ಸಾಕುತ್ತದೆ. 2016ರಲ್ಲಿ ಶುರುವಾದ ಈ ಕಂಪನಿಗೆ ಎಚ್ ಅಂಡ್ ಎಂ ನಂಥ ದೊಡ್ಡ ಬಟ್ಟೆ ಬ್ರ್ಯಾಂಡ್ ಹಣ ಹಾಕಿದೆ. ಪರಿಸರಸ್ನೇಹಿ ಉದ್ಯಮದ ಮಾತು ಬಂದಾಗಲೆಲ್ಲ ಇದರ ಹೆಸರು ಬರುತ್ತದೆ. ಆದರೆ ಇದನ್ನು ಕಟ್ಟಿದ ವಿಜ್ಞಾನಿಗಳು ಮೊದಲು ಕೈಹಾಕಿದ್ದು ಬಣ್ಣಕ್ಕಲ್ಲ, ಕುಡಿಯುವ ನೀರಿಗೆ. ನೇಪಾಳದ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಇದೆಯೇ ಇಲ್ಲವೇ ಎಂದು ಬಣ್ಣ ಬದಲಿಸಿ ತೋರಿಸುವ ಬ್ಯಾಕ್ಟೀರಿಯಾವನ್ನು ಅವರು ಕೇಂಬ್ರಿಜ್‌ನಲ್ಲಿ ರೂಪಿಸುತ್ತಿದ್ದರು. ಬ್ಯಾಕ್ಟೀರಿಯಾಕ್ಕೆ ಬೇಕಾದ ಬಣ್ಣ ಬರಿಸಲು ಆಗುತ್ತದೆ ಅಂದಮೇಲೆ ಅದೇ ಬಣ್ಣವನ್ನು ಬಟ್ಟೆಗೆ ಯಾಕೆ ಹಾಕಬಾರದು? ಅಲ್ಲಿಂದ ಕಂಪನಿ ಹುಟ್ಟಿತು.

ಹಟ್ಟಿಯಲ್ಲಿ ಕುಳಿತು ಇದನ್ನು ಓದಿದಾಗ ನನಗೆ ತಟ್ಟಿದ್ದು ಬಣ್ಣದ ಬೆರಗಲ್ಲ. ವಿಷ ಹುಡುಕಬೇಕಿದ್ದ ವಿದ್ಯೆಗೆ ಬಂಡವಾಳ ಸಿಕ್ಕಿದ್ದು ಬಟ್ಟೆಯ ಕಡೆ ಹೊರಳಿದ ಮೇಲೆ. ನಮ್ಮ ಸೀಮೆಗೆ ಎರಡೂ ಬೇಕು. ನೀರಿನಲ್ಲಿ ಆರ್ಸೆನಿಕ್ ಇರುವ ಊರುಗಳೂ ನಮ್ಮ ಸುತ್ತಲೇ ಇವೆ, ಬಣ್ಣದ ನೀರು ಹರಿಸುವ ಉದ್ಯಮವೂ ಪಕ್ಕದಲ್ಲೇ ಇದೆ, ಇನ್ನೂ ದೊಡ್ಡದು ಬರುವುದರಲ್ಲಿದೆ. ಹಾಗಾಗಿ ಈ ತಂತ್ರಜ್ಞಾನ ಒಳ್ಳೆಯದೋ ಕೆಟ್ಟದ್ದೋ ಎನ್ನುವ ಚರ್ಚೆಗಿಂತ, ಅದನ್ನು ಯಾವ ಕೆಲಸಕ್ಕೆ ಹಚ್ಚುತ್ತಾರೆ, ಯಾರ ಖರ್ಚಿನಲ್ಲಿ ಹಚ್ಚುತ್ತಾರೆ ಎಂದು ಕೇಳುವುದು ನಮಗೆ ಮುಖ್ಯ.

ಸೈನೈಡ್ ಎಂಬ ಪರಿಚಿತ ಪದ

ಹಟ್ಟಿ ಕ್ಯಾಂಪಿನ ಮಕ್ಕಳಿಗೂ ಸೈನೈಡ್ ಅನ್ನೋ ಪದ ಗೊತ್ತು. ಒಂದು ಟನ್ ಅದಿರಿನಲ್ಲಿ ಇರುವ ಚಿನ್ನ ಕೆಲವೇ ಗ್ರಾಂ. ಅದನ್ನು ಕರಗಿಸಿ ತೆಗೆಯಲು ಸೋಡಿಯಂ ಸೈನೈಡ್ ಬೇಕು. ಜೀನ್ಸ್ ಪ್ಯಾಂಟಿನ ನೀಲಿಗೂ ಇದೇ ವಂಶದ ನಂಟು ಇದೆ ಅಂದರೆ ಬಹಳ ಮಂದಿ ನಂಬುವುದಿಲ್ಲ. ಇವತ್ತು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 50 ಸಾವಿರ ಟನ್ ಇಂಡಿಗೊ ನೀಲಿ ತಯಾರಾಗುತ್ತದೆ. ಅದರಲ್ಲಿ ಬಹುಪಾಲು ಕಾರ್ಖಾನೆಯ ಮಾಲು. ಪೆಟ್ರೋಲಿಯಂ ಮೂಲದ ಅನಿಲಿನ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸೈನೈಡ್ ಸೇರಿಸಿ ಅದನ್ನು ಮಾಡುತ್ತಾರೆ. ಒಂದು ಪ್ಯಾಂಟಿಗೆ ಹಿಡಿಯುವ ನೀಲಿಯೂ ಕೆಲವೇ ಗ್ರಾಂ.

ತೊಂದರೆ ಅಲ್ಲಿಗೇ ಮುಗಿಯುವುದಿಲ್ಲ. ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಕರಗಿಸಿ ನೂಲಿಗೆ ಹಿಡಿಸಬೇಕಾದರೆ ಹೈಡ್ರೋಸಲ್ಫೈಟ್ ಮತ್ತು ಕ್ಷಾರ ಬೇಕು. ನೂಲು ಗಾಳಿಗೆ ಬಂದಾಗ ಮತ್ತೆ ನೀಲಿಯಾಗುತ್ತದೆ, ಉಳಿದ ಉಪ್ಪು, ಕ್ಷಾರ ಎಲ್ಲ ನೀರಿನ ಪಾಲು. ಹಿಂದಿನ ನೀಲಗಾರರು ಇದೇ ಕೆಲಸವನ್ನು ಹುಳಿ ಬರಿಸಿ ಮಾಡುತ್ತಿದ್ದರು. ನೀಲಿಯ ಹಂಡೆಯಲ್ಲಿ ಬೆಲ್ಲವೋ ಹೊಟ್ಟೋ ಹಾಕಿ ದಿನಗಟ್ಟಲೆ ಬಿಟ್ಟರೆ ಕಣ್ಣಿಗೆ ಕಾಣದ ಜೀವಿಗಳೇ ಬಣ್ಣವನ್ನು ಕರಗಿಸುತ್ತಿದ್ದವು. ಅಂದರೆ ಬಣ್ಣದ ಮನೆಗೆ ಬ್ಯಾಕ್ಟೀರಿಯಾ ಹೊಸ ಅತಿಥಿ ಏನಲ್ಲ.

ಹೊಸದು ಏನಪ್ಪಾ ಅಂದರೆ, ಬಣ್ಣವನ್ನು ಕರಗಿಸುವುದಷ್ಟೇ ಅಲ್ಲ, ಬಣ್ಣವನ್ನೇ ಬ್ಯಾಕ್ಟೀರಿಯಾ ತಯಾರಿಸುವುದು. 1983ರಲ್ಲಿ ಅಮೆರಿಕದ ಆಮ್‌ಜೆನ್ ಕಂಪನಿಯ ಬರ್ಟ್ ಎನ್ಸ್ಲಿ ಮತ್ತು ಸಂಗಡಿಗರು ಬೇರೊಂದು ಬ್ಯಾಕ್ಟೀರಿಯಾದ ಜೀನನ್ನು ಇ. ಕೋಲಿಗೆ ಸೇರಿಸಿದಾಗ ಅದು ಇಂಡಿಗೊ ಮಾಡತೊಡಗಿತು. ಮುಂದೆ 1990ರ ದಶಕದಲ್ಲಿ ಜೆನೆನ್‌ಕೋರ್ ಕಂಪನಿ ಇದನ್ನು ದೊಡ್ಡ ಪ್ರಮಾಣಕ್ಕೆ ಒಯ್ಯಲು ನೋಡಿತು. ವಿಜ್ಞಾನ ಗೆದ್ದಿತು, ಮಾರುಕಟ್ಟೆ ಸೋತಿತು. ಕಾರ್ಖಾನೆಯ ನೀಲಿ ಅಷ್ಟು ಅಗ್ಗ. 2018ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಜಾನ್ ಡ್ಯೂಬರ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನೀಲಿ ಗಿಡ ತನ್ನ ಎಲೆಯಲ್ಲಿ ಬಣ್ಣದ ಕಚ್ಚಾ ರೂಪವನ್ನು ಸಕ್ಕರೆಯ ಅಣುವಿಗೆ ಕಟ್ಟಿ ಇಂಡಿಕನ್ ಎಂಬ ರೂಪದಲ್ಲಿ ಇಟ್ಟುಕೊಂಡಿರುತ್ತದೆ. ಇಂಡಿಕನ್ ನೀರಿನಲ್ಲಿ ಕರಗುತ್ತದೆ. ಬ್ಯಾಕ್ಟೀರಿಯಾ ಕೂಡ ಅದನ್ನೇ ಮಾಡಿಕೊಟ್ಟರೆ ಬಟ್ಟೆಯ ಮೇಲೆ ಒಂದು ಕಿಣ್ವದಿಂದ ಸಕ್ಕರೆ ಬಿಡಿಸಿದರೆ ಸಾಕು, ನೀಲಿ ಅಲ್ಲೇ ಮೂಡುತ್ತದೆ. ಹೈಡ್ರೋಸಲ್ಫೈಟ್ ಬೇಡ.

ಕಲರಿಫಿಕ್ಸ್‌ನ ದಾರಿ ಬೇರೆ. ಪ್ರಕೃತಿಯಲ್ಲಿ ಎಲ್ಲೋ ಇರುವ ಬಣ್ಣದ ಜೀನನ್ನು ಗುರುತಿಸಿ ಬ್ಯಾಕ್ಟೀರಿಯಾಕ್ಕೆ ಕೊಡುತ್ತಾರೆ. ಸಕ್ಕರೆ, ಸಾರಜನಕ ಕೊಟ್ಟು ದೊಡ್ಡ ತೊಟ್ಟಿಯಲ್ಲಿ ಬೆಳೆಸುತ್ತಾರೆ. ಆ ದ್ರವವನ್ನು ಹಾಗೇ ಬಣ್ಣದ ಯಂತ್ರಕ್ಕೆ ಸುರಿಯುತ್ತಾರೆ. ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ, ಬಣ್ಣ ಬಟ್ಟೆಗೆ ಹಿಡಿಯುತ್ತದೆ. ನೀರು ಕಡಿಮೆ, ಶಾಖ ಕಡಿಮೆ, ಕೆಮಿಕಲ್ ಕಡಿಮೆ ಎನ್ನುವುದು ಕಂಪನಿಯ ವಾದ. ತಾತ್ವಿಕವಾಗಿ ನಾನು ಇದನ್ನು ಒಪ್ಪುತ್ತೇನೆ. ಸೈನೈಡ್ ಬೇಡದ ನೀಲಿ, ಪೆಟ್ರೋಲಿಯಂ ಬೇಡದ ಕೆಂಪು ಬರುವುದಾದರೆ ಬರಲಿ.

ಜೀನ್ ಬದಲಿಸಿದ ಬ್ಯಾಕ್ಟೀರಿಯಾ ಅಂದಕೂಡಲೇ ಹೆದರುವವರೂ ಇದ್ದಾರೆ. ಬ್ಯಾಕ್ಟೀರಿಯಾವನ್ನು ಕೆಲಸಕ್ಕೆ ಹಚ್ಚುವುದು ಹಟ್ಟಿಗೆ ಹೊಸತಲ್ಲ. ಕೆಲವು ಅದಿರಿನಲ್ಲಿ ಚಿನ್ನ ಆರ್ಸೆನಿಕ್ ಮತ್ತು ಗಂಧಕದ ಖನಿಜದೊಳಗೆ ಸಿಕ್ಕಿಕೊಂಡಿರುತ್ತದೆ, ಸೈನೈಡ್‌ಗೂ ಬಗ್ಗುವುದಿಲ್ಲ. ಆ ಖನಿಜವನ್ನು ತಿಂದು ಚಿನ್ನ ಬಿಡಿಸುವ ಬ್ಯಾಕ್ಟೀರಿಯಾಗಳ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎ. ನಟರಾಜನ್ ತಂಡ ದಶಕಗಳ ಕಾಲ ಕೆಲಸ ಮಾಡಿತು, ಹಟ್ಟಿ ಚಿನ್ನದ ಗಣಿಯಲ್ಲೇ ಪ್ರಾಯೋಗಿಕ ಘಟಕವೂ ಬಂತು. ಅವು ಜೀನ್ ಬದಲಿಸಿದವಲ್ಲ, ಗಣಿಗಳಲ್ಲೇ ಸಹಜವಾಗಿ ಬದುಕುವ ಜೀವಿಗಳು. ಆದರೂ ಒಂದು ಮಾತು ಸ್ಪಷ್ಟ. ನಮ್ಮ ಜನಕ್ಕೆ ಬ್ಯಾಕ್ಟೀರಿಯಾ ಭಯವಲ್ಲ. ಅದು ತಿಂದುಬಿಟ್ಟ ಆರ್ಸೆನಿಕ್ ಎಲ್ಲಿ ಹೋಗುತ್ತದೆ ಎನ್ನುವುದು ಭಯ.

ಬಳ್ಳಾರಿಯ ನೀರು ಇದರಿಂದ ತಿಳಿಯಾಗದು

ಸಿಂಧನೂರಿನಿಂದ ಸಿರುಗುಪ್ಪ ದಾಟಿದರೆ ಬಳ್ಳಾರಿ. ನಮ್ಮ ಕಡೆಯ ಜನಕ್ಕೆ ಜೀನ್ಸ್ ಅಂದರೆ ಬಳ್ಳಾರಿ. ಹೊಲಿಗೆ ಮಷೀನಿನ ಮುಂದೆ ಪೀಸಿನ ಲೆಕ್ಕಕ್ಕೆ ದುಡಿಯುವ ಸಾವಿರಾರು ಕುಟುಂಬಗಳು ಕಟ್ಟಿದ ಉದ್ಯಮ ಅದು. 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ರಾಹುಲ್ ಗಾಂಧಿ ಅಲ್ಲಿ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಭರವಸೆ ಕೊಟ್ಟರು.

ಬ್ಯಾಕ್ಟೀರಿಯಾ ನೀಲಿ ಬಂದರೆ ಬಳ್ಳಾರಿ ನೀರು ಶುದ್ಧವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಳ್ಳಾರಿಗೆ ಡೆನಿಮ್ ಬಟ್ಟೆ ಹೊರಗಿನ ಮಿಲ್ಲುಗಳಿಂದ ಬಣ್ಣ ಹಾಕಿಸಿಕೊಂಡೇ ಬರುತ್ತದೆ. ಇಲ್ಲಿ ನಡೆಯುವುದು ಹೊಲಿಗೆ ಮತ್ತು ವಾಷಿಂಗ್. ಹೊಸ ಪ್ಯಾಂಟಿಗೆ ಹಳೆಯ ಕಳೆ ಬರಿಸಲು, ಮೊಣಕಾಲಿನ ಹತ್ತಿರ ಬಿಳುಪು ಬರಿಸಲು ಬ್ಲೀಚ್, ಪೊಟ್ಯಾಸಿಯಂ ಪರ್ಮಾಂಗನೇಟ್, ಕಲ್ಲು, ಕಿಣ್ವ ಎಲ್ಲ ಹಾಕಿ ಬಣ್ಣವನ್ನು ಕಿತ್ತು ತೆಗೆಯುತ್ತಾರೆ. ಅಂದರೆ ಒಂದೂರಿನಲ್ಲಿ ನೀರು ಸುರಿದು ಹಾಕಿದ ನೀಲಿಯನ್ನು ಇನ್ನೊಂದೂರಿನಲ್ಲಿ ನೀರು ಸುರಿದೇ ತೆಗೆಯುವುದು. ಬ್ಯಾಕ್ಟೀರಿಯಾ ಮಾಡಿದ ಇಂಡಿಗೊ ಮತ್ತು ಕಾರ್ಖಾನೆಯ ಇಂಡಿಗೊ ಎರಡೂ ಒಂದೇ ಅಣು. ತೊಳೆದಾಗ ಮೋರಿಗೆ ಬರುವ ನೀಲಿಯೂ ಒಂದೇ.

ಆದ್ದರಿಂದ ಲಾಭ ಯಾರಿಗೆ ಎಂದು ಬಿಡಿಸಿ ನೋಡಬೇಕು. ಇಂಡಿಗೊ ತಯಾರಿಸುವ ಕಾರ್ಖಾನೆಯ ಪಕ್ಕದವರಿಗೆ ಲಾಭ ಖಂಡಿತ. ನೂಲಿಗೆ ಬಣ್ಣ ಹಾಕುವ ಮಿಲ್ಲಿನ ಪಕ್ಕದವರಿಗೆ ಒಂದಿಷ್ಟು ಲಾಭ. ವಾಷಿಂಗ್ ಘಟಕದ ಪಕ್ಕದವರಿಗೆ ಏನೂ ಇಲ್ಲ. ಅವರಿಗೆ ಬೇಕಿರುವುದು ಸರಿಯಾಗಿ ನಡೆಯುವ ಸಾಮೂಹಿಕ ಶುದ್ಧೀಕರಣ ಘಟಕ ಮತ್ತು ಅದರ ಖರ್ಚನ್ನು ಸಣ್ಣ ಘಟಕಗಳ ತಲೆಗೇ ಕಟ್ಟದ ವ್ಯವಸ್ಥೆ.

ತಿರುಪ್ಪೂರಿನ ಉದಾಹರಣೆ ಕಣ್ಣೆದುರಿಗಿದೆ. ಬನಿಯನ್ ಉದ್ಯಮದಿಂದ ಜಗತ್ತಿಗೆ ಹೆಸರಾದ ಆ ಊರಿನ ಬಣ್ಣದ ನೀರು ನೊಯ್ಯಲ್ ನದಿಯನ್ನು ಕೆಡಿಸಿತು, ಒರತುಪಾಳ್ಯಂ ಅಣೆಕಟ್ಟೆಯ ನೀರು ಹೊಲಕ್ಕೆ ಬಿಡುವಂತಿರಲಿಲ್ಲ. ಕೆಳಗಿನ ರೈತರು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿತು, ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಬಳಿಕ ಒಂದು ಹನಿಯನ್ನೂ ಹೊರಗೆ ಬಿಡದ ಶುದ್ಧೀಕರಣಕ್ಕೆ ಉದ್ಯಮ ಒಗ್ಗಿಕೊಳ್ಳಬೇಕಾಯಿತು. ಮೊದಲೇ ಮಾಡಬೇಕಿದ್ದನ್ನು ನದಿ ಸತ್ತಮೇಲೆ ಮಾಡಿದರು.

ಇಳಕಲ್‌ನ ಕೆಂಪಿಗೆ ಏನು ದಾರಿ?

ಲಿಂಗಸುಗೂರಿನಿಂದ ಮುದಗಲ್ ಮೇಲೆ ಹೋದರೆ ಇಳಕಲ್. ನಮ್ಮ ಮನೆಗಳ ಮದುವೆ ಸೀರೆ, ಸೀಮಂತದ ಸೀರೆ ಬರುವುದು ಅಲ್ಲಿಂದ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಕಲೆ, ತೋಪಿನ ಸೆರಗು, ದಾಳಿಂಬೆ ಕೆಂಪು, ಇವೇ ಅದರ ಗುರುತು. ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಬೇರಿನಿಂದ, ಎಲೆಯಿಂದ ಬಣ್ಣ ತೆಗೆಯುವ ಕಾಲ ಎಂದೋ ಹೋಯಿತು. ಈಗ ಇರುವುದು ಕೆಮಿಕಲ್ ಬಣ್ಣ. ಬಿಸಿ ಹಂಡೆಯಲ್ಲಿ ನೂಲಿನ ಲಡಿ ಅದ್ದಿ ತಿರುವುವ ಕೂಲಿಕಾರನ ಕೈ ನೋಡಿದರೆ ಅದು ಎಂಥ ಕೆಲಸ ಅಂತ ತಿಳಿಯುತ್ತದೆ.

ಇಲ್ಲಿ ಹಳೆಯ ಪಾಠವೊಂದನ್ನು ನೆನೆಯಬೇಕು. ಕೆಲವು ಆಜೋ ಬಣ್ಣಗಳು ಒಡೆದಾಗ ಕ್ಯಾನ್ಸರ್‌ಕಾರಕ ವಸ್ತು ಬರುತ್ತದೆ ಎಂದು ಜರ್ಮನಿ 1994ರಲ್ಲಿ ಅಂಥ ಬಟ್ಟೆಗಳ ಮೇಲೆ ನಿಷೇಧ ತಂದಿತು. ಭಾರತ 1997ರಲ್ಲಿ 112 ಬಣ್ಣಗಳನ್ನು ನಿಷೇಧಿಸಿತು. ರಫ್ತಿಗೆ ಪೆಟ್ಟು ಬಿದ್ದಮೇಲೆ ನಮ್ಮ ಸರ್ಕಾರ ಎಚ್ಚೆತ್ತಿತು. ಬಟ್ಟೆ ತೊಡುವವರ ಚರ್ಮದ ಚಿಂತೆ ಮೊದಲು ಬಂತು, ಹಂಡೆಯಲ್ಲಿ ಕೈ ಅದ್ದುವವರ ಚರ್ಮದ ಚಿಂತೆ ಬರಲೇ ಇಲ್ಲ. ಬ್ಯಾಕ್ಟೀರಿಯಾ ಬಣ್ಣವೂ ಅದೇ ದಾರಿಯಲ್ಲಿ ಬರುತ್ತಿದೆ. ದುಬಾರಿ ಬ್ರ್ಯಾಂಡಿನ ಟೀಶರ್ಟಿಗೆ ಮೊದಲು, ಇಳಕಲ್‌ನ ಲಡಿಗೆ ಎಂದೋ.

ತಾಂತ್ರಿಕ ಅಡ್ಡಿಯೂ ಇದೆ. ಸೆರಾಷಿಯಾ ಎಂಬ ಬ್ಯಾಕ್ಟೀರಿಯಾ ಕೊಡುವ ಕೆಂಪು ಪ್ರೊಡಿಜಿಯೋಸಿನ್, ಕ್ರೋಮೊಬ್ಯಾಕ್ಟೀರಿಯಂ ಕೊಡುವ ನೇರಳೆ ವಯೊಲಾಸಿನ್ ನೋಡಲು ಚೆಂದ, ಆದರೆ ಬಿಸಿಲಿಗೆ ಬೇಗ ಮಾಸುತ್ತವೆ. ರಾಯಚೂರು ಬಿಸಿಲಿನಲ್ಲಿ ಒಣಹಾಕುವ ಸೀರೆಗೆ ಅದು ಸಾಕೇ? ಹತ್ತು ವರ್ಷ ಉಟ್ಟರೂ ಬಣ್ಣ ಬಿಡಬಾರದು ಎನ್ನುವ ಹೆಣ್ಣುಮಕ್ಕಳ ಪರೀಕ್ಷೆ ಯಾವ ಲ್ಯಾಬಿಗಿಂತಲೂ ಕಠಿಣ. ಆ ಪರೀಕ್ಷೆಯನ್ನು ಇಳಕಲ್‌ನಲ್ಲೇ, ನೇಕಾರರ ಜೊತೆಗೇ ಮಾಡಬೇಕು. ಸರ್ಕಾರಿ ಹಣದಲ್ಲಿ ಮಾಡಬೇಕು. ಇಲ್ಲದಿದ್ದರೆ ಮಾಡುವವರು ಯಾರೂ ಇಲ್ಲ.

ಜೀವಿಯ ಒಡೆಯ ಯಾರು?

1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಾರ್ಖಾನೆಯ ಇಂಡಿಗೊವನ್ನು ಮಾರುಕಟ್ಟೆಗೆ ಬಿಟ್ಟಿತು. ಆಗ ವರ್ಷಕ್ಕೆ ಸುಮಾರು 19 ಸಾವಿರ ಟನ್ ಇದ್ದ ಗಿಡದ ನೀಲಿಯ ಉತ್ಪಾದನೆ 1914ರ ಹೊತ್ತಿಗೆ ಸಾವಿರ ಟನ್ನಿಗೆ ಇಳಿಯಿತು. ಬೆಲೆ ಬಿದ್ದ ಭಾರವನ್ನು ನೀಲಿ ತೋಟದ ದೊರೆಗಳು ರೈತರ ಮೇಲೆ ಹೊರಿಸಿದರು. 1917ರ ಚಂಪಾರಣ್ ಸತ್ಯಾಗ್ರಹದ ಹಿಂದೆ ಈ ಕತೆಯೂ ಇದೆ. ಬಣ್ಣದ ಮೂಲ ಬದಲಾದಾಗಲೆಲ್ಲ ಯಾರೋ ಗಳಿಸುತ್ತಾರೆ, ಯಾರೋ ಕಳೆದುಕೊಳ್ಳುತ್ತಾರೆ.

ಈ ಸಲ ಗಿಡ ಬೆಳೆಯುವವರು ಕಳೆದುಕೊಳ್ಳುವುದು ಕಡಿಮೆ, ಯಾಕಂದ್ರೆ ಅವರು ಉಳಿದಿರುವುದೇ ಕಡಿಮೆ. ಬ್ಯಾಕ್ಟೀರಿಯಾ ತಿನ್ನುವುದು ಸಕ್ಕರೆ. ಕಬ್ಬು, ಮೆಕ್ಕೆಜೋಳ ಎರಡೂ ನಮ್ಮ ಉತ್ತರ ಕರ್ನಾಟಕದಲ್ಲಿವೆ. ಆದರೆ ತೊಟ್ಟಿಯಲ್ಲಿರುವ ಜೀವಿ ನಮ್ಮದಾಗಿರುವುದಿಲ್ಲ. ಭಾರತದ ಪೇಟೆಂಟ್ ಕಾಯ್ದೆ ಗಿಡಕ್ಕೂ ಪ್ರಾಣಿಗೂ ಪೇಟೆಂಟ್ ಕೊಡುವುದಿಲ್ಲ, ಸೂಕ್ಷ್ಮಜೀವಿಗೆ ಮಾತ್ರ ಬಾಗಿಲು ತೆರೆದಿಟ್ಟಿದೆ. ರಾಯಚೂರು ಜಿಲ್ಲೆಯ ಹತ್ತಿ ಬೆಳೆಗಾರರಿಗೆ ಇದರ ರುಚಿ ಬೇರೆ ರೂಪದಲ್ಲಿ ಗೊತ್ತು. 2002ರಲ್ಲಿ ಬಿಟಿ ಹತ್ತಿ ಬಂತು. ಬೀಜದ ಪೊಟ್ಟಣದ ಜೊತೆ ಕಂಪನಿಯ ತಂತ್ರಜ್ಞಾನ ಶುಲ್ಕವನ್ನೂ ಕೊಟ್ಟೆವು. ಮುಂದೆ ಗುಲಾಬಿ ಕಾಯಿಕೊರಕ ಆ ಬಿಟಿಯನ್ನೂ ಜೀರ್ಣಿಸಿಕೊಂಡಿತು. ಶುಲ್ಕ ಕೊಟ್ಟವರು ರೈತರು, ನಷ್ಟ ಉಂಡವರೂ ರೈತರು.

ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಬಯೋಇ3 ನೀತಿಗೆ ಒಪ್ಪಿಗೆ ಕೊಟ್ಟಿದೆ. ಜೀವಿಗಳಿಂದ ರಾಸಾಯನಿಕ ತಯಾರಿಸುವುದು ಅದರ ಮುಖ್ಯ ಗುರಿಗಳಲ್ಲಿ ಒಂದು. ಸಾರ್ವಜನಿಕ ಹಣದಲ್ಲಿ ರೂಪುಗೊಂಡ ಬಣ್ಣದ ಬ್ಯಾಕ್ಟೀರಿಯಾ ನೇಕಾರರ ಸಹಕಾರ ಸಂಘಗಳಿಗೆ ಶುಲ್ಕವಿಲ್ಲದೆ ಸಿಗಬೇಕು ಎಂಬ ಷರತ್ತನ್ನು ಈಗಲೇ ಹಾಕಬಹುದು. ಒಪ್ಪಂದಗಳಿಗೆ ಸಹಿ ಬಿದ್ದಮೇಲೆ ಆಗುವುದಿಲ್ಲ.

ಇನ್ನು ಕಾವಲು. ಜೀನ್ ಬದಲಿಸಿದ ಸೂಕ್ಷ್ಮಜೀವಿಗಳ ತಯಾರಿಕೆ, ಬಳಕೆಗೆ 1989ರ ನಿಯಮಗಳಿವೆ. ದಿಲ್ಲಿಯ ಸಮಿತಿಗಳ ಜೊತೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಯೂ ಇರಬೇಕು ಅಂತ ಅದರಲ್ಲೇ ಇದೆ. ನಿಮ್ಮ ಜಿಲ್ಲೆಯ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಎಂದು ನಡೆಯಿತು ಎಂದು ಒಮ್ಮೆ ಕೇಳಿ ನೋಡಿ. ತೊಟ್ಟಿಯಲ್ಲಿ ಬೆಳೆದ ಜೀವಿ ನಿಜಕ್ಕೂ ಸತ್ತಮೇಲೆಯೇ ಮೋರಿಗೆ ಹೋಗುತ್ತಿದೆಯೇ ಎಂದು ನೋಡಬೇಕಾದವರು ಸ್ಥಳದಲ್ಲಿರಬೇಕು, ಕಾಗದದಲ್ಲಿ ಇದ್ದರೆ ಸಾಲದು.

ಕಿರದಳ್ಳಿ ತಾಂಡಾದ ಪ್ರಶ್ನೆ

ಕೃಷ್ಣೆಯ ಆಚೆ ದಡದ ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಅಂತ ಒಂದು ಊರಿದೆ, ಕರಾವಳಿಯದಲ್ಲ. ಅಲ್ಲಿನ ಚಿನ್ನದ ಗಣಿ 1994ರಲ್ಲಿ ಮುಚ್ಚಿತು. ಹತ್ತಿರದ ಕಿರದಳ್ಳಿ ತಾಂಡಾದ ಜನರ ಅಂಗೈ, ಅಂಗಾಲಿನಲ್ಲಿ ಗಂಟು, ಮೈಮೇಲೆ ಕಪ್ಪು ಕಲೆ ಕಾಣತೊಡಗಿದವು. ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕ ಹೀಗಿದೆ: 59 ಕೊಳವೆಬಾವಿಗಳ ಪೈಕಿ ಶೇ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮಿತಿ ಮೀರಿತ್ತು. ಅತಿ ಹೆಚ್ಚು ಅಂದರೆ 303. ತಪಾಸಣೆಗೆ ಒಳಗಾದ 181 ಜನರಲ್ಲಿ ಶೇ 58.6 ಮಂದಿಗೆ ಆರ್ಸೆನಿಕ್‌ನಿಂದಾಗುವ ಚರ್ಮದ ಗಾಯ, ಕಲೆಗಳಿದ್ದವು.

ನೇಪಾಳದ ಹಳ್ಳಿಗಾಗಿ ಶುರುವಾದ ಸೆನ್ಸರ್ ಬೇಕಿದ್ದದ್ದು ಇಂಥ ಊರಿಗೆ. ಇವತ್ತು ಹಳ್ಳಿಯಲ್ಲಿ ಆರ್ಸೆನಿಕ್ ನೋಡಲು ಬಳಸುವ ಸಾಮಾನ್ಯ ಕಿಟ್‌ನಲ್ಲಿ ಪಾದರಸದ ಲವಣ ಇರುತ್ತದೆ, ಪರೀಕ್ಷೆಯ ಹೊತ್ತಿನಲ್ಲಿ ವಿಷಾನಿಲವೂ ಹುಟ್ಟುತ್ತದೆ. ಮುಚ್ಚಿದ ಸೀಸೆಯೊಳಗೆ ಬಣ್ಣ ಬದಲಿಸುವ ಬ್ಯಾಕ್ಟೀರಿಯಾ ಅದಕ್ಕಿಂತ ಸುಲಭ, ಅಗ್ಗ ಆಗಬಹುದಿತ್ತು. ಜಲಜೀವನ್ ಯೋಜನೆಯಲ್ಲಿ ಊರಿಗೆ ಐವರು ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆ ಕಲಿಸಬೇಕು ಅಂತ ಇದೆ. ಅವರ ಕೈಗೆ ಆ ಸೀಸೆ ಸಿಗಬೇಕಿತ್ತು. ಸಿಗಲಿಲ್ಲ. ತಾಂಡಾದವರು ನೀರು ಕುಡಿಯುತ್ತಾರೆ, ಅದಕ್ಕೆ ದುಡ್ಡು ಕೊಡುವ ಗಿರಾಕಿಗಳಲ್ಲ. ಟೀಶರ್ಟ್ ಕೊಳ್ಳುವವರು ಗಿರಾಕಿಗಳು. ವಿಜ್ಞಾನ ಎತ್ತ ಹೊರಳಬೇಕು ಎನ್ನುವುದನ್ನು ತೀರ್ಮಾನಿಸಿದ್ದು ಇಷ್ಟೇ. ಹಂಗಂತ ಆ ವಿಜ್ಞಾನಿಗಳನ್ನು ಬೈಯುವುದರಲ್ಲಿ ಅರ್ಥವಿಲ್ಲ. ಗಿರಾಕಿ ಇಲ್ಲದ ಕಡೆ ನಿಲ್ಲಬೇಕಾದದ್ದು ಸರ್ಕಾರ. ಬೆಂಗಳೂರಿನ ಪ್ರಯೋಗಾಲಯಗಳಿಗೆ ಬಯೋಟೆಕ್ ರಾಜಧಾನಿ ಎಂಬ ಹೆಗ್ಗಳಿಕೆ ಇದೆ, ರಾಯಚೂರಿನಲ್ಲೇ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಗಣಿ ಸೀಮೆಯ ಊರುಗಳಿಗೆ ಒಂದು ನೀರಿನ ಸೆನ್ಸರ್ ಮಾಡಿಕೊಡುವುದು ಇವರ ಕೈಲಾಗದ ಕೆಲಸವಲ್ಲ.

ಪಾರ್ಕ್ ಕಟ್ಟುವ ಮೊದಲು

2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳಲ್ಲಿ ಒಂದು ಕಲಬುರಗಿಯ ಪಾಲಿಗೆ ಬಂದಿದೆ, ಸುಮಾರು 1,000 ಎಕರೆ. ನೂಲುವುದರಿಂದ ಹಿಡಿದು ಬಣ್ಣ, ಹೊಲಿಗೆ ಎಲ್ಲ ಒಂದೇ ಕಡೆ. ಕಲ್ಯಾಣ ಕರ್ನಾಟಕಕ್ಕೆ ಉದ್ಯೋಗ ಬೇಕು. ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುವ ನಮ್ಮ ಹುಡುಗರಿಗೆ ಪಾರ್ಕ್ ಬರಲಿ ಅಂತಲೇ ನಾನೂ ಹೇಳುತ್ತೇನೆ. ಆದರೆ ಕಲಬುರಗಿಯ ಭೀಮಾ ಹರಿದು ಬಂದು ಕೃಷ್ಣೆಯನ್ನು ಸೇರುವುದು ರಾಯಚೂರಿನ ಹತ್ತಿರ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತದ್ದು ಇನ್ನೂ ಮರೆತಿಲ್ಲ. ಕಾರಣ ಬೇರೆಯಿದ್ದರೂ ನೀರಿನ ವಿಷಯದಲ್ಲಿ ನಮಗೆ ಮಾತಿನ ಭರವಸೆ ಸಾಲುವುದಿಲ್ಲ.

ಹಾಗಾದರೆ ಕೇಳಬೇಕಾದದ್ದು ಇಷ್ಟು. ಪಾರ್ಕಿನ ಬಣ್ಣದ ಘಟಕಗಳು ಎಷ್ಟು ನೀರು ತೆಗೆದುಕೊಳ್ಳುತ್ತವೆ, ಎಷ್ಟು ಬಿಡುತ್ತವೆ ಎಂಬ ಲೆಕ್ಕ ಕೆಲಸ ಶುರುವಾಗುವ ಮೊದಲೇ ಕನ್ನಡದಲ್ಲಿ ಹೊರಬರಲಿ. ಬ್ಯಾಕ್ಟೀರಿಯಾ ಬಣ್ಣಕ್ಕೆ ಒಂದು ಘಟಕ ಮೀಸಲಿಟ್ಟು ಪ್ರಯೋಗ ಮಾಡಲಿ, ಆದರೆ ಹಸಿರು ತಂತ್ರಜ್ಞಾನ ಎಂಬ ಹೆಸರಿನಲ್ಲಿ ಶುದ್ಧೀಕರಣದ ಒಂದು ನಿಯಮವನ್ನೂ ಸಡಿಲಿಸಬಾರದು. ಬಳ್ಳಾರಿಯಲ್ಲಿ ಪಾರ್ಕಿನ ಶಂಕುಸ್ಥಾಪನೆಗಿಂತ ಮೊದಲು ವಾಷಿಂಗ್ ನೀರಿನ ಶುದ್ಧೀಕರಣ ಆಗಲಿ. ಇಳಕಲ್‌ನ ನೂಲಿಗೆ ಹಿಡಿಯುವ, ಬಿಸಿಲಿಗೆ ನಿಲ್ಲುವ ಕೆಂಪಿಗಾಗಿ ಸಂಶೋಧನೆಯ ಹಣ ಬರಲಿ. ಕಿರದಳ್ಳಿಯಿಂದ ಲಿಂಗಸುಗೂರಿನವರೆಗಿನ ಗಣಿ ಸೀಮೆಯ ಪ್ರತಿ ಬೋರ್‌ವೆಲ್‌ನ ಆರ್ಸೆನಿಕ್ ಅಂಕಿ ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆದಿರಲಿ. ಈ ಕೊನೆಯದಕ್ಕೆ ಹೊಸ ಬ್ಯಾಕ್ಟೀರಿಯಾ ಬರುವವರೆಗೆ ಕಾಯುವ ಅಗತ್ಯವೂ ಇಲ್ಲ. ಇರುವ ಲ್ಯಾಬು, ಇರುವ ಸಿಬ್ಬಂದಿ ಸಾಕು.

ಸಕ್ಕರೆ ತಿಂದು ಬಣ್ಣ ಕೊಡುವ ಜೀವಿಗೆ ನಮ್ಮ ತಕರಾರಿಲ್ಲ. ಚಿನ್ನವನ್ನು ದೇಶಕ್ಕೆ ಕೊಟ್ಟು ಆರ್ಸೆನಿಕ್ಕನ್ನು ತಾವು ಇಟ್ಟುಕೊಂಡ ಸೀಮೆಯ ಜನ ನಾವು. ಇನ್ನೊಂದು ಉದ್ಯಮ ಬಾಗಿಲಿಗೆ ಬಂದಾಗ ಬಟ್ಟೆ ಯಾರಿಗೆ, ಕೊಳೆ ನೀರು ಯಾರಿಗೆ ಎಂದು ಮೊದಲೇ ಕೇಳಿದರೆ ಅದನ್ನು ಅಭಿವೃದ್ಧಿಯ ವಿರೋಧ ಅನ್ನಬೇಡಿ.